ದಿಂಬುವಿಗೆ ಸಿಕ್ಕ ನೌಕರಿ, ನಮಗೆ ಸಿಕ್ಕ ಚಾಪೆ

ಹಾಸಿಗೆ ಕಾರ್ಖಾನೆಯ ಮಾನ್ಯ ವ್ಯವಸ್ಥಾಪಕರ ಸನ್ನಿಧಾನಕ್ಕೆ,

ತಮ್ಮ ಕಾರ್ಖಾನೆಯ ಎದುರು ಬೀದಿಯಲ್ಲಿ ಕ್ಷೌರದಂಗಡಿ ಇಟ್ಟುಕೊಂಡು ಊರಿನ ತಲೆಗಳನ್ನೆಲ್ಲ ಹತ್ತಿರದಿಂದ ಬಲ್ಲವನ ಅನಂತ ನಮಸ್ಕಾರಗಳು.

ಮಾನ್ಯರೇ, ತಾವು ಎರಡನೇ ಶೆಡ್ಡು ಕಟ್ಟಿ, 'ಹೊಸ ಕೆಲಸಗಳಲ್ಲಿ ಸ್ಥಳೀಯರಿಗೇ ಮೊದಲ ಆದ್ಯತೆ' ಎಂದು ಗೇಟಿಗೆ ಬೋರ್ಡು ತೂಗುಹಾಕಿದ ದಿನ ನನ್ನಷ್ಟು ಹಿಗ್ಗಿದವರು ಈ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಯಾಕೆಂದರೆ ನನ್ನ ಹೆಂಡತಿಯ ತಮ್ಮನಷ್ಟು ಸ್ಥಳೀಯ ಮನುಷ್ಯ ಬೇರೆ ಯಾರಿದ್ದರು? ಜನ ದಿಂಬು ಎಂದು ಕರೆಯುವ ಆ ಮಹಾಶಯ ನನ್ನ ಅಂಗಡಿಯ ಬೆಂಚಿನ ಮೇಲೆ ಮಲಗಿದರೆ ಕದಲಿದ್ದನ್ನು ಕಂಡವರಿಲ್ಲ. ಗಿರಾಕಿಗಳು ನಿಂತೇ ಸರದಿ ಕಾಯುತ್ತಿದ್ದರು.

ಅಕ್ಕನ ಕಾಟ ತಾಳದೆ ಸಂದರ್ಶನಕ್ಕೆ ಬಂದವನು, ತಮ್ಮ ಹಜಾರದಲ್ಲಿ ಪ್ರದರ್ಶನಕ್ಕಿಟ್ಟ ಹಾಸಿಗೆ ನೋಡಿ ಮನಸ್ಸು ತಡೆಯದೆ ಒರಗಿದನಂತೆ. ತಮ್ಮ ಅಧಿಕಾರಿಗಳು ಕೂಗಿದರು, ಅಲುಗಾಡಿಸಿದರು, ಕೊನೆಗೆ ಹಾಸಿಗೆ ಸಮೇತ ಎತ್ತಿ ತಾವು ಕೂತಿದ್ದ ಕೋಣೆಗೇ ತಂದರು. ಬೇರೆಯವರಾಗಿದ್ದರೆ ಬೀದಿಗೆ ಹಾಕುತ್ತಿದ್ದರು. ತಾವು ರತ್ನಪರೀಕ್ಷಕರು; ಅಲ್ಲೇ ಅವನಿಗೆ ಹಾಸಿಗೆ ಪರೀಕ್ಷಕನ ಹುದ್ದೆ ದಯಪಾಲಿಸಿದಿರಿ.

ನನ್ನ ಅಹವಾಲು ಇಲ್ಲಿಂದ ಶುರು. ಹಗಲೆಲ್ಲ ತಮ್ಮಲ್ಲಿ ಗಡದ್ದಾಗಿ ನಿದ್ದೆ ಹೊಡೆದು, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಬರುವ ದಿಂಬು ಈಗ ಮನೆಯಲ್ಲಿ ಕಣ್ಣೇ ಮುಚ್ಚುವುದಿಲ್ಲ. 'ಆಫೀಸ್ ಕೆಲಸಾನ ಮನೆಗೆ ತರಬಾರದು ಭಾವ' ಎನ್ನುತ್ತಾನೆ. ಉಕ್ಕುವ ಹುರುಪಿನಲ್ಲಿ ನಮ್ಮ ಮಂಚ ಹತ್ತಿ, ಆ ಕಡೆ ಈ ಕಡೆ ಉರುಳಿ, ಮದುವೆಯ ಕಾಲದ ಹಾಸಿಗೆಯನ್ನು 'ಮೂರನೇ ದರ್ಜೆ' ಎಂದು ತಿರಸ್ಕರಿಸಿ ಗುಜರಿಯವನಿಗೆ ಕೊಟ್ಟುಬಿಟ್ಟ. ಹೀಗಾಗಿ ಹಾಸಿಗೆ ಪರೀಕ್ಷಕರ ಕುಟುಂಬದವರು ಸದ್ಯ ಚಾಪೆಯ ಮೇಲಿದ್ದೇವೆ. ಸೊಂಟ ಹಿಡಿದಿದೆ ಎಂದರೆ ನನ್ನ ಹೆಂಡತಿ, 'ನನ್ನ ತಮ್ಮ ಮಲ್ಕೊಂಡೇ ಮೇಲೆ ಬಂದ. ನೀವು ಇಷ್ಟು ವರ್ಷ ನಿಂತ್ಕೊಂಡು ಏನ್ ಮಾಡಿದ್ರಿ?' ಎಂದು ಕೇಳುತ್ತಾಳೆ. ಮಾನ್ಯರೇ, ಉತ್ತರ ತಮಗೆ ಹೊಳೆದರೆ ದಯವಿಟ್ಟು ತಿಳಿಸಿ.

ಮೊನ್ನೆ ಅವನು ತಮ್ಮ ಕಾರ್ಖಾನೆಯ ಅತ್ಯುತ್ತಮ ಹಾಸಿಗೆಯೊಂದನ್ನು ಹೊತ್ತು ತಂದ. ಮನೆಗೆ ಎಂದುಕೊಂಡೆ. ಬೆಂಚಿಗೆ ಹಾಸಿದ. 'ನಿಮ್ಮ ಗಿರಾಕಿಗಳು ನನ್ನಿಂದ ನಿಂತು ನಿಂತು ಸೋತಿದಾರೆ, ಪಾಪ' ಎಂದ. ನನ್ನ ಕಣ್ಣು ತುಂಬಿದ್ದು ಸುಳ್ಳಲ್ಲ. ಆದರೆ ಅಂದಿನಿಂದ ಕುರ್ಚಿಗೆ ಬನ್ನಿ ಎಂದರೆ ಯಾರೂ ಏಳುವುದಿಲ್ಲ. ಮಲಗಿದವರ ಹಿಂದಲೆ ಕೈಗೆ ಸಿಗದೆ, ಊರಿನ ಅರ್ಧ ಗಂಡಸರು ಮುಂದಿನ ಕೂದಲು ಮಾತ್ರ ಕತ್ತರಿಸಿಕೊಂಡು ಓಡಾಡುತ್ತಿದ್ದಾರೆ.

ಆದಕಾರಣ ತಾವು ಕೃಪೆಯಿಟ್ಟು ದಿಂಬುವಿಗೆ ದಿನದಲ್ಲಿ ಸ್ವಲ್ಪ ಹೊತ್ತಾದರೂ ಎಚ್ಚರವಾಗಿರುವ ಕೆಲಸ ಕೊಡಬೇಕು. ಅದರಿಂದ ಕಂಪನಿಗೆ ನಷ್ಟವಾಗುವುದಾದರೆ ಯಾರಿಗೂ ನಿದ್ದೆ ಬಾರದಂಥ ಹಾಸಿಗೆಗಳನ್ನೂ ಅಷ್ಟಿಷ್ಟು ತಯಾರಿಸಬೇಕು. ಅದೂ ಆಗದಿದ್ದರೆ ಮೂರನೇ ಶೆಡ್ಡು ಕಟ್ಟಿ ನನ್ನನ್ನೂ ಸೇರಿಸಿಕೊಳ್ಳಬೇಕು. ಸೊಂಟ ಹಿಡಿದವನಿಗಿಂತ ಪ್ರಾಮಾಣಿಕ ಪರೀಕ್ಷಕ ತಮಗೆ ಸಿಗಲಾರ.

ನಿಂತುಕೊಂಡೇ ಬರೆದ,
ತಮ್ಮ ವಿಶ್ವಾಸಿ,
ಎದುರು ಬೀದಿಯ ಕ್ಷೌರಿಕ

ತಾ.ಕ.: ಇಂದು ಬೆಳಿಗ್ಗೆ ಮೀಸೆ ತಿದ್ದಿಸಿಕೊಳ್ಳಲು ಬಂದ ತಾವು ಇನ್ನೂ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿರುವುದರಿಂದ, ಈ ಪತ್ರದ ಒಂದು ಪ್ರತಿಯನ್ನು ಅಂಗಡಿಯ ಕನ್ನಡಿಗೆ ಅಂಟಿಸಿ ಇನ್ನೊಂದನ್ನು ತಮ್ಮ ಜೇಬಿನಲ್ಲೇ ಇಟ್ಟಿದ್ದೇನೆ. ಎಡಮೀಸೆ ಬೋಳಿಸಿಯಾಗಿದೆ. ಬಲಮೀಸೆಯ ವಿಚಾರ ತಮ್ಮ ಉತ್ತರ ನೋಡಿಕೊಂಡು ತೀರ್ಮಾನಿಸೋಣ.