ಪಾಂಡುರಂಗರಾಯರ ಶಾವರ್

ಆಳಂದದ ಉಮಾಬಾಯಿಯ ಮನ್ಯಾಗ ಎಲ್ಲಾ ಇತ್ತು, ಎತ್ತರದ ಬಾಗಿಲ ಒಂದು ಇರಲಿಲ್ಲ. ಗಂಡ ಪಾಂಡುರಂಗರಾಯರು ಆರಡಿ ಆಳು. ಬಚ್ಚಲಕ್ಕ ಹೋಗುವಾಗ ದಿನಾ ಚೌಕಟ್ಟಿಗೆ ಹಣಿ ಬಡಿಸಿಕೊಳ್ಳುವರು.

"ದಿನಾ ಬಡೀತದ, ಇನ್ನೂ ಬುದ್ಧಿ ಬಂದಿಲ್ಲೇನ್ರಿ?" ಅಂತ ಉಮಾಬಾಯಿ ಒಲಿ ಮುಂದಿನಿಂದ ಒದರುವಳು.

"ಬಂದ ದಿನ ಹೇಳತೇನಿ," ಅನ್ನುವರು ಅವರು.

ಆ ದಿನ ಬರಲಿಲ್ಲ. ಎದಿನೋವು ಬಂತು. ರಾಯರು ಹೋದರು. ಅವರು ಸೋಲಾಪುರದಿಂದ ಆಸೆಪಟ್ಟು ಹೌಸಿಲೆ ತಂದ ಶಾವರ್ ಪೆಟ್ಟಿಗ್ಯಾಗ ಉಳೀತು. (ನಳದ ತುದಿಗೆ ಕೂಡಿಸೋ ಜರಡಿ, ಅಷ್ಟೇ. ಹಂಗಂದ್ರ ಅವರಿಗೆ ಸಿಟ್ಟು ಬರತಿತ್ತು.)

ವರ್ಷಾಬ್ದಿಕದೊಳಗ ಅದನ್ನ ಕೂಡಿಸಲೇಬೇಕು ಅಂತ ಉಮಾಬಾಯಿ ಹಟ ಹಿಡಿದಳು. ಬಚ್ಚಲಕ್ಕ ಹೊಸ ಫರಸಿಕಲ್ಲು ಹಾಕಿಸಿದಳು. ಚೌಕಟ್ಟು ಮಾತ್ರ ಮುಟ್ಟಗೊಡಲಿಲ್ಲ.

ನಳದ ಮಿಸ್ತ್ರಿ ಚಮನಸಾಬ ಬಂದು ಮ್ಯಾಲೆ ಕೆಳಗ ನೋಡಿದ. "ನೀರಿನ ಟಾಕಿ ಎಲ್ಲಿ ಇಡೂಣ್ರಿ ಬಾಯಾರ? ದೇವರಮನಿ ಮಾಳಿಗಿ ಛಲೋ ಎತ್ತರ ಅದ."

ಅತ್ತಿ ಭಾಗೀರಥಿಬಾಯಿ ಜಪದ ಸರ ಹಿಡಕೊಂಡೇ ಹೊರಗ ಬಂದರು. "ಮೈ ತೊಳಿಯೋ ನೀರು ವಿಠ್ಠಲನ ತಲಿ ಮ್ಯಾಲೆ ಇಡತೀಯೇನೋ?"

"ಬ್ಯಾಡ್ರಿ ಅಮ್ಮಾ. ನಿಮ್ಮ ದೇವರ ಜೋಡಿ ನನಗ್ಯಾಕ ಜಗಳಾ?"

ಟಾಕಿ ಹಿತ್ತಲದಾಗ, ಎದಿಮಟದ ಕಟ್ಟಿ ಮ್ಯಾಲೆ ಕೂತಿತು. ಶಾವರಿಗೆ ಉಮಾಬಾಯಿಯೇ ಜಾಗಾ ತೋರಿಸಿದಳು. ಚೌಕಟ್ಟಿನ ಮ್ಯಾಲೆ ರಾಯರ ಹಣಿ ಎಣ್ಣಿ ಹತ್ತಿ ಕರ್ರಗಾದ ಗುರ್ತು ಇತ್ತು.

"ಇದರಕಿಂತ ಎರಡು ಗೇಣು ಮ್ಯಾಲೆ."

"ಅದರ ಕೆಳಗ ನಿಂದರೋರು ಯಾರು?" ಅಂದರು ಅತ್ತಿ. "ನೀ ಇರೋದೇ ಮೊಳದುದ್ದ."

"ಅವರ ಶಾವರ್ರಿ ಅತ್ತ್ಯಾ. ಅವರ ಎತ್ತರಕ್ಕೇ ಇರಬೇಕು."

"ಸೋಲಾಪುರದ ಲಾಜಿನಾಗೂ ಹಿಂಗೇ ಇರತಾವ್ರಿ," ಅಂದ ಚಮನಸಾಬ. (ಲಾಜಿನ ಟಾಕಿ ಮೂರನೇ ಮಾಳಿಗಿ ಮ್ಯಾಲೆ ಇರತದ ಅನ್ನೋದು ಅವನಿಗೂ ನೆನಪಾಗಲಿಲ್ಲ.)

ವರ್ಷಾಬ್ದಿಕದ ಹಿಂದಿನ ದಿನ ಉಮಾಬಾಯಿ ಬಚ್ಚಲದಾಗ, ಗಂಗಾವತರಣಕ್ಕ ಶಿವ ನಿಂತಂಗ, ಮಾರಿ ಎತ್ತಿ ನಿಂತು ನಳ ತಿರುವಿದಳು. ಫುಸ್ ಅಂತ ಗಾಳಿ ಬಂತು. ಆಮ್ಯಾಲೆ ಒಂದು ಇರುವಿ ಬಂತು.

"ಬಂತೇನ್ರಿ ಬಾಯಾರ?" ಹೊರಗಿಂದ ಚಮನಸಾಬ.

"ಇಲ್ಲೋ."

"ಅವನ ಶಾವರ್ ಅಲ್ಲೇನು?" ಅಂದರು ಅತ್ತಿ. "ಅವ ಯಾವಾಗ ಕರದಾಗ ಬಂದಿದ್ದ?"

ಚಮನಸಾಬ ಟಾಕಿ ನೋಡಿದ, ಶಾವರ್ ನೋಡಿದ, ತಲಿ ತುರಿಸಿಕೊಂಡ. ಟಾಕಿ ನೀರಿಗಿಂತ ಶಾವರೇ ಎತ್ತರ. ಟಾಕಿ ಮಾಳಿಗಿ ಏರಿದ್ರ ವಿಠ್ಠಲ ಸಿಟ್ಟಾಗತಾನ. ಶಾವರ್ ಇಳಿದ್ರ ರಾಯರು ಗಿಡ್ಡ ಆಗತಾರ. ಬೆಳಗಾದ್ರ ಭಟ್ಟರು ಸ್ನಾನಕ್ಕ ಬರೋರು.

"ಇಳಸು," ಅಂದಳು ಉಮಾಬಾಯಿ. ಅಂದು ಗ್ವಾಡಿ ಕಡೆ ಮಾರಿ ಮಾಡಿದಳು.

ಹೆಗಲಮಟ ಇಳಿಸಿದ, ಹನಿ ಬಿತ್ತು. ಸೊಂಟದಮಟ ಇಳಿಸಿದ, ಮಳಿ ಬಿತ್ತು.

ಈಗ ಎಲ್ಲಾರೂ ಮಣೆ ಹಾಕಿಕೊಂಡು ಅದರ ಕೆಳಗ ಕೂಡತಾರ. ಮೊದಲು ಕೂಡೋರು ಅತ್ತಿ, ಟಾಕಿ ಅರ್ಧ ಆದ ಮ್ಯಾಲೇ ಏಳತಾರ. ಬಾಗಿದ ಬೆನ್ನು, ಅವರಿಗೇನೂ ತಾಗಂಗಿಲ್ಲ. ಉಮಾಬಾಯಿ ಮಾತ್ರ ಏಳುವಾಗ ದಿನಾ ಮರೀತಾಳ. ಠಣ್!

"ದಿನಾ ಬಡೀತದ, ಇನ್ನೂ ಬುದ್ಧಿ ಬಂದಿಲ್ಲೇನ?" ಅಂತ ಅತ್ತಿ ಹೊರಗಿಂದ ಒದರತಾರ.

ಉಮಾಬಾಯಿ ನೆತ್ತಿ ಹಿಡಕೊಂಡು ಮತ್ತ ಮಣೆ ಮ್ಯಾಲೆ ಕೂಡತಾಳ. ಬಾಗಿಲ ಚೌಕಟ್ಟು ಒಂದು ಸಲ ನೋಡತಾಳ.

"ಬಂದ ದಿನ ಹೇಳತೇನ್ರಿ."