ಅತ್ತೆ ಮತ್ತು ಇಂಗ್ಲೆಂಡಿನ ಹೆಂಗಸರ ಪತ್ರಗಳು

ನಮ್ಮ ಸೋದರತ್ತೆ ಶಹಾಬಾದಿನಲ್ಲಿದ್ದಾಳೆ ಎಂಬುದು ಪೋಸ್ಟ್‌ಮ್ಯಾನನ ನಂಬಿಕೆ. ನನ್ನನ್ನು ಕೇಳಿದರೆ, ಆಕೆ ಇರುವುದು ಎರಡನೇ ಮಹಾಯುದ್ಧದ ಕಾಲದ ಇಂಗ್ಲೆಂಡಿನಲ್ಲಿ!

ಇಂಗ್ಲಿಷ್ ಟೀಚರ್ ಆಗಿ ನಿವೃತ್ತಳಾದ ಮೇಲೆ ವಾಡಿಯ ರದ್ದಿ ಅಂಗಡಿಯಲ್ಲಿ ಆಕೆಗೊಂದು ದಪ್ಪ ಪುಸ್ತಕ ಸಿಕ್ಕಿತು. ಯುದ್ಧಕ್ಕೆ ಹೋದ ಗಂಡಂದಿರಿಗೆ ಅಲ್ಲಿನ ಹೆಂಗಸರು ಬರೆದ ಪತ್ರಗಳು. ಮೇಲೆ ವಿಮಾನಗಳು ಬಾಂಬು ಹಾಕುತ್ತಿದ್ದರೆ ಇವರು ಬರೆಯುವುದೇನು? ಹಿತ್ತಲಲ್ಲಿ ಕೋಸು ಎಷ್ಟು ದಪ್ಪ ಬಂತು, ಬೆಣ್ಣೆಯ ಸಾಲಿನಲ್ಲಿ ಯಾರು ಯಾರೊಡನೆ ಜಗಳಾಡಿದರು! ಅತ್ತೆಗೆ ಹುಚ್ಚು ಹಿಡಿಯಲು ಅಷ್ಟು ಸಾಕಾಯಿತು.

ಒಮ್ಮೆ ರೇಷನ್ ಅಂಗಡಿಯ ಮುಂದೆಯೇ ಭಾಷಣ ಶುರುವಿಟ್ಟುಕೊಂಡಳು. "ಅಲ್ಲಿ ಒಬ್ಬರಿಗಿ ವಾರಕ್ಕ ಒಂದೇ ತತ್ತಿ ಸಿಗ್ತಿತ್ತು, ಗೊತ್ತದೇನ್ರಿ?"

ಸಾಲಿನಲ್ಲಿದ್ದ ಪಕ್ಕದ ಮನೆಯ ಖಾಲಾ ಕನಿಕರದಿಂದ ಹಿಂತಿರುಗಿದಳು. "ಅಯ್ಯ ಪಾಪ! ನಮ್ಮನಿ ಕೋಳಿ ಒಂದ್ ಕೊಟ್ಟು ಕಳಸ್ಲೇನ್ರಿ ಟೀಚರ್?"

ಇನ್ನೊಮ್ಮೆ ಆ ಹೆಂಗಸರಂತೆಯೇ ಇದ್ದು ನೋಡೋಣವೆಂದು ಮೇಲಿನ ವಿಮಾನಗಳಿಗೆ ಬೆಳಕು ಕಾಣದಂತೆ ಕಿಟಕಿಗಳಿಗೆಲ್ಲ ಕರಿ ಕಂಬಳಿ ಹೊದಿಸಿದಳು. ಸೇಡಂನಿಂದ ಬಂದ ನಮ್ಮಪ್ಪ ಕತ್ತಲ ಮನೆ ಕಂಡು ಹೊಸ್ತಿಲಲ್ಲೇ ಅಳುವ ಸಿದ್ಧತೆ ನಡೆಸಿದರು. "ಅಕ್ಕಾ! ಯಾರಿಗೇನಾತು?"

"ಯಾರಿಗೂ ಏನಾಗಿಲ್ಲ. ಕುಂದ್ರು, ಚಾ ಕುಡಿ."

ಚಹಾ ಬಂತು. ಸಕ್ಕರೆಯೇ ಇಲ್ಲ! ಕೇಳಿದರೆ, "ಲಡಾಯಿ ನಡದದಲ್ಲೋ" ಎಂದಳು.

ಅದಾದ ಮೇಲೆ ನಮ್ಮ ಮನೆಯಲ್ಲೇ ಲಡಾಯಿಯ ಮಾತು ಬಂತು. ನನ್ನ ತಂಗಿಯ ಗಂಡ ಸೈನಿಕ. ಗಡಿಯಲ್ಲಿ ಪರಿಸ್ಥಿತಿ ಬಿಗಡಾಯಿಸಿ ಆತನ ಫೋನ್ ನಿಂತುಹೋಯಿತು. ಮಗಳನ್ನು ಕಟ್ಟಿಕೊಂಡು ಚಿಂಚೋಳಿಯಿಂದ ಈ ಸೋದರತ್ತೆಯ ಮನೆಗೆ ಬಂದ ತಂಗಿ, ಟಿವಿಯ ಮುಂದೆ ಕುಳಿತವಳು ಏಳಲೇ ಇಲ್ಲ. ಮೂರನೇ ದಿನ ಅತ್ತೆ ಟಿವಿ ಆರಿಸಿ ಅವಳ ಕೈಗೆ ಪೆನ್ನು ಕೊಟ್ಟಳು.

"ಪತ್ರ ಬರಿ."

"ಏನಂತ ಬರೀಲಿ? ಅಂಜಿಕಿ ಬರಾಕತ್ತದ ಅಂತ ಬರೀಲೇನು?"

"ಅದು ಅವಂಗೂ ಗೊತ್ತದ. ಮುಂಜಾನಿ ನಿನ್ನ ಮಗಳು ಏನ್ ಒಡದ್ಳು, ಅದು ಬರಿ."

ಮಗಳು ಒಡೆದದ್ದು ಅತ್ತೆಯ ಕನ್ನಡಕ! ಪತ್ರ ಅಲ್ಲಿಂದಲೇ ಶುರುವಾಯಿತು. ಮುಂದೆ ದಿನಕ್ಕೊಂದು. ಪುಂಡಿಪಲ್ಯ ವಿಪರೀತ ಹುಳಿಯಾದದ್ದು, ಮಗಳು ನೆಲದ ಪರಸಿಕಲ್ಲಿನ ಮೇಲೆ ಐದು ಕಾಲಿನ ಆನೆ ಬರೆದದ್ದು. ಉತ್ತರ ಒಂದೂ ಬರಲಿಲ್ಲ. ಅತ್ತೆ ಬಿಡಲೂ ಇಲ್ಲ.

ಕೊನೆಗೆ ಆತ ರಜೆಯ ಮೇಲೆ ಬಂದ. ಊಟಕ್ಕೆ ಕುಳಿತಾಗ ಅತ್ತೆ ಮೆಲ್ಲಗೆ ಕೇಳಿದಳು, "ಪತ್ರ ಮುಟ್ಟಿದ್ವೇನಪ?"

"ಎಲ್ಲಾ ಒಮ್ಮೆಲೇ ಬಂದ್ವು, ಅತ್ತಿ. ಅವತ್ತೇ ನಮ್ಮ ಜೋಡಿ ಇದ್ದಾತ ಒಬ್ಬಾತ ತೀರಿ ಹೋಗಿದ್ದ. ಯಾರೂ ಊಟ ಮುಟ್ಟಿರ್ಲಿಲ್ಲ. ನಾ ಒಂದ್ ಪತ್ರ ಹಿಂದಿಯೊಳಗ ಓದಿ ಹೇಳ್ದೆ. ಮತ್ತೊಂದು ಓದು ಅಂದ್ರು. ಎಲ್ಲಾ ಓದ್ದೆ. ಆಮ್ಯಾಲ ಎಲ್ಲಾರೂ ಉಂಡ್ವಿ."

ಆತನ ತಟ್ಟೆಯಲ್ಲಿ ರೊಟ್ಟಿ ಇನ್ನೂ ಇತ್ತು. ಆದರೂ ಅತ್ತೆ ಬಿಸಿಯದೊಂದು ತಂದು ಹಾಕಿ, ಆತ ಉಣ್ಣುವುದನ್ನು ನೋಡುತ್ತ ಎದುರಿಗೇ ಕುಳಿತುಬಿಟ್ಟಳು.