ಲೇಸು ಬಿಚ್ಚಿದರೆ ಆಟ ನಿಲ್ಲಿಸುವ ಭಾವನವರ ಕುರಿತು

ಮಾನ್ಯ ಓದುಗರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಭಾವನವರು ಹುಲಿಗೆ ಹೆದರಿದವರಲ್ಲ, ಬಿಚ್ಚಿದ ಶೂ ಲೇಸಿಗೆ ಮಾತ್ರ ಹೆದರುತ್ತಿದ್ದರು. (ಹುಲಿಯನ್ನು ಅವರು ಎಂದೂ ನೋಡಿರಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಇಲ್ಲಿಯೇ ನಮೂದಿಸುತ್ತೇನೆ.) ಕಚೇರಿಯ ಅರ್ಜಿಗಳನ್ನು ಬಿಟ್ಟರೆ ನಾನು ಬೇರೇನನ್ನೂ ಬರೆದವನಲ್ಲ. ತಪ್ಪು ಕಂಡುಬಂದಲ್ಲಿ ದಯವಿಟ್ಟು ಮನ್ನಿಸತಕ್ಕದ್ದು.

ಅರವತ್ತರ ದಶಕದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಬಾಸ್ಕೆಟ್‌ಬಾಲ್ ಆಡುವವರು ಕೆಲವರಿದ್ದರು. ನಿಯಮ ಬಲ್ಲವರು ನಮ್ಮ ಅಕ್ಕನ ಗಂಡ, ಈ ಭಾವನವರೊಬ್ಬರೇ. ಆದಕಾರಣ ಎಲ್ಲ ಪಂದ್ಯಗಳಿಗೂ ಅವರೇ ರೆಫರಿ. ಲೇಸು ಬಿಚ್ಚಿದರೆ ಸೀಟಿ! ಗುಂಡಿ ಕಿತ್ತರೂ ಸೀಟಿ! ಹೊಸನಗರದಲ್ಲಿ ಒಬ್ಬ ಆಟಗಾರನ ಉಡುದಾರ ಚಡ್ಡಿಯಿಂದ ಹೊರಗೆ ಇಣುಕಿತೆಂದು ಆಟವೇ ನಿಂತಿತು. ತಾಯಿ ಕಟ್ಟಿದ್ದು, ಬಿಚ್ಚುವುದಿಲ್ಲವೆಂದು ಅವನು. ಬಿಚ್ಚಬೇಡ, ಒಳಗೆ ಸೇರಿಸು ಎಂದು ಇವರು. ಅಷ್ಟರಲ್ಲಿ ಬಸ್ಸು ಬಂತು. ಎದುರಾಳಿ ತಂಡದವರು ಹತ್ತಿಕೊಂಡು ಊರಿಗೆ ಹೊರಟೇಹೋದರು. ಉಡುದಾರವು ಆಟದ ಸಲಕರಣೆಯ ವ್ಯಾಪ್ತಿಗೆ ಬರುತ್ತದೆಯೇ? ಈ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ತೀರ್ಥಹಳ್ಳಿಯವರು ಜಾಣರು, ಮುಂದಿನ ಸಲ ಬರಿಗಾಲಲ್ಲೇ ಬಂದರು. ಲೇಸೇ ಇಲ್ಲವೆಂದಮೇಲೆ ಸೀಟಿ ಎಲ್ಲಿಯದು? ಭಾವನವರು ಒಬ್ಬನ ಕಾಲ್ಬೆರಳಿಗೆ ಸುತ್ತಿದ್ದ ಬಟ್ಟೆ ಸಡಿಲವಾಗಿದೆಯೆಂದು ಆಟ ನಿಲ್ಲಿಸಿದರು.

ಇನ್ನು ನನ್ನ ವಿಚಾರ. ನಾನು ಸಾಗರದ ನಮ್ಮ ಶಾಲೆಯ ತಂಡದಲ್ಲಿದ್ದೆನೆಂಬುದು ಸತ್ಯ, ಆಡುತ್ತಿದ್ದೆನೆನ್ನಲು ಆಧಾರಗಳಿಲ್ಲ. ಕಾಲಿಗೆ ಅಣ್ಣನ ದೊಡ್ಡ ಕ್ಯಾನ್ವಾಸ್ ಶೂ, ಕನ್ನಡಕ ಬೀಳದಂತೆ ತಲೆಯ ಹಿಂದೆ ಸೆಣಬಿನ ದಾರ. ಚೆಂಡು ನನ್ನ ಬಳಿಗೆ ಬರುವುದರೊಳಗೆ ಇವುಗಳಲ್ಲಿ ಯಾವುದಾದರೊಂದು ಬಿಚ್ಚಿಕೊಂಡು, ಸೀಟಿ ಕೇಳಿಬರುತ್ತಿತ್ತು. ತತ್ಪರಿಣಾಮವಾಗಿ ಶಾಲೆಯ ಕೊನೆಯ ವರ್ಷದವರೆಗೂ ನಾನು ಒಂದೇ ಒಂದು ಬಾಸ್ಕೆಟ್ ಹಾಕಿರಲಿಲ್ಲ. ಹಾಕದೆ ಶಾಲೆ ಬಿಡಬೇಕಾಗುವುದೆಂಬ ಚಿಂತೆ ನನಗೆ ಪರೀಕ್ಷೆಯ ಚಿಂತೆಗಿಂತ ಹೆಚ್ಚಾಗಿತ್ತು.

ಒಮ್ಮೆ ಅಕ್ಕನ ಮನೆಯಲ್ಲಿ ಊಟಕ್ಕೆ ಕುಳಿತಾಗ ಧೈರ್ಯಮಾಡಿ ವಾದ ಮಂಡಿಸಿದೆ. ಒಬ್ಬನು ಚೆಂಡು ಹಾಕಲು ಹೊರಟಿರುವಾಗ ಸಣ್ಣಪುಟ್ಟದ್ದಕ್ಕೆ ಆಟ ನಿಲ್ಲಿಸಕೂಡದು, ಅವನು ಹಾಕಿ ಮುಗಿಸಿದ ಮೇಲೆ ನಿಲ್ಲಿಸಬಹುದಲ್ಲವೇ ಎಂದೆ.

"ಲೇಸು ಮೆಟ್ಟಿ ಬಿದ್ದು ಹಲ್ಲು ಹೋದ್ರೆ, ನಿನ್ನ ಬಾಸ್ಕೆಟ್ ತಗಂಡು ಎಂತ ಮಾಡ್ತಿ?" ಎಂದರು ಭಾವನವರು.

ಅಕ್ಕ ಸಾರು ಬಡಿಸುತ್ತ, "ಅವ್ನು ಹಾಕಿದ್ರೆ ತಾನೆ ಆ ಮಾತು" ಎಂದಳು. ವಾದ ಅಲ್ಲಿಗೆ ಮುಕ್ತಾಯವಾಯಿತು.

ನನ್ನ ಕೊನೆಯ ಪಂದ್ಯ ಸಾಗರದಲ್ಲಿ, ತೀರ್ಥಹಳ್ಳಿಯವರ ಮೇಲೆ. ನಾವು ಸೋಲುವುದು ಬಹಳ ಮೊದಲೇ ನಿಶ್ಚಯವಾಗಿತ್ತು; ಆದ್ದರಿಂದಲೇ ನನ್ನನ್ನು ಆಡಲು ಇಳಿಸಿದ್ದು. ಆಟ ಮುಗಿಯುವ ಹೊತ್ತಿಗೆ ಚೆಂಡು ಯಾರ ಕೈಯಿಂದಲೋ ಜಾರಿ ನನ್ನ ಕೈ ಸೇರಿತು. ಎದುರಿಗೆ ಯಾರೂ ಇಲ್ಲ! ಅದೇ ಗಳಿಗೆಗೆ ಎಡಗಾಲಿನ ಲೇಸು ಬಿಚ್ಚಿತು. ಸೀಟಿ ಬಂದೇ ಬರುವುದೆಂದು, ಶಿಸ್ತಿನ ವಿದ್ಯಾರ್ಥಿಯಾದ ನಾನು ಚೆಂಡು ಹಿಡಿದು ನಿಂತುಬಿಟ್ಟೆ.

ಸೀಟಿ ಬರಲಿಲ್ಲ. ತಿರುಗಿ ನೋಡಿದರೆ ಭಾವನವರ ಕಣ್ಣು ನನ್ನ ಲೇಸಿನ ಮೇಲಿದೆ, ಸೀಟಿ ತುಟಿಗಳ ನಡುವಿದೆ, ಕೆನ್ನೆ ಉಬ್ಬಿದೆ. ಊದುತ್ತಿಲ್ಲ!

ಎಸೆದೆ. ಚೆಂಡು ಕಬ್ಬಿಣದ ಬಳೆಯ ಮೇಲೆ ಒಂದು ಸುತ್ತು ಹಾಕಿ, ಯೋಚಿಸಿ, ಹೊರಗೆ ಬಿತ್ತು. "ಛೇ" ಎಂಬ ಉದ್ಗಾರ ಮೈದಾನಕ್ಕೆಲ್ಲ ಕೇಳಿಸಿತು. ಅದು ಹೊರಟದ್ದು ರೆಫರಿಯವರ ಬಾಯಿಂದ.

ಆಟ ಮುಗಿದೊಡನೆ ಭಾವನವರು ಕೊರಳಿನ ಸೀಟಿ ತೆಗೆದು ತೀರ್ಥಹಳ್ಳಿಯ ಮೇಷ್ಟರ ಕೈಗಿತ್ತು, ಇನ್ನು ಮುಂದೆ ಬೇರೆಯವರನ್ನು ನೋಡಿಕೊಳ್ಳಿ ಎಂದುಬಿಟ್ಟರು. ನಾನು ಅವರ ಹಿಂದೆಯೇ ಓಡಿದೆ.

"ಬಾಸ್ಕೆಟ್ ಬೀಳ್ಲೇ ಇಲ್ವಲ್ಲ ಭಾವ, ಯಾರಿಗೆ ಎಂತ ನಷ್ಟ ಆಯ್ತು? ಅಲ್ದೆ, ಆಗ ನಿಲ್ಸದೆ ಇದ್ದಿದ್ದೇ ಸರಿ."

ಭಾವನವರು ಮಣ್ಣಿನಲ್ಲೇ ಕುಕ್ಕರುಗಾಲಲ್ಲಿ ಕುಳಿತು, ನನ್ನ ಲೇಸನ್ನು ಗಂಟಿನ ಮೇಲೆ ಗಂಟು ಹಾಕಿ ಬಿಗಿದರು. ಮುಖ ಎತ್ತಲಿಲ್ಲ.

"ಸರಿನೇ ಇರಬಹುದು. ಆದ್ರೆ ನಾ ಊದದೆ ಇದ್ದಿದ್ದು ಸರಿ ಅಂತಲ್ಲ ಮಾರಾಯ. ನಿಂದೊಂದು ಬೀಳ್ಲಿ ಅಂತ."